1603ರ ಘಟನೆಗೆ ‘ಏಕೀಕರಣ’ ಎಂಬ ಮಾತು ಸಲ್ಲದು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುರವಣಿಯಲ್ಲಿ ಕಳೆದ ವಾರ ಸ್ಪರ್ಧಾತ್ಮಕ ಪರೀಕ್ಷೆಗಳಿಗೆಂದು ಪ್ರಕಟವಾದ ಮಾದರಿ ಪ್ರಶ್ನೆಗಳಲ್ಲಿ ‘ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ರಾಜ್ಯಗಳ ಏಕೀಕರಣವಾದ ವರ್ಷ ಯಾವುದು?’ ಎಂಬ ಪ್ರಶ್ನೆಯಿದ್ದು, ಅದಕ್ಕೆ 1603 ಎಂಬ ಉತ್ತರ ಅಚ್ಚಾಗಿದೆ. ನಾನು ದಿನವೂ ಬೆಳಗ್ಗೆ ಹೋಗುವ ವಾಚನಾಲಯಕ್ಕೆ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಹಳ ಮಂದಿ ಬರುತ್ತಾರೆ. ಅವರಲ್ಲಿ ಇಬ್ಬರು ಆ ಪುಟವನ್ನು ತಂದು, ‘ಸರ್, ನಮ್ಮ ಗೈಡಿನಲ್ಲಿ 1707 ಅಂತಿದೆ, ಪೇಪರಿನಲ್ಲಿ 1603 ಅಂತಿದೆ, ಯಾವುದನ್ನು ಬರೆಯೋಣ?’ ಎಂದು ಕೇಳಿದರು. ದಾವಣಗೆರೆ ಸುತ್ತಿನ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಈ ಗೊಂದಲ ಹೊಸದಲ್ಲ. ಮಕ್ಕಳ ಉತ್ತರ ಪತ್ರಿಕೆಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಸಾವಿರಾರು ಮಕ್ಕಳು ನಂಬಿ ಓದುವ ಪುರವಣಿಯಲ್ಲೇ ಅದು ಬಂದಿರುವುದರಿಂದ ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ.

1603ರಲ್ಲಿ ನಡೆದದ್ದು ಇಷ್ಟು: ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸನಿಗೆ ನೆರೆಯ ಇಂಗ್ಲೆಂಡಿನ ಸಿಂಹಾಸನ ಉತ್ತರಾಧಿಕಾರದಿಂದ ಬಂತು. ಅಲ್ಲಿ ಆತ ಒಂದನೆಯ ಜೇಮ್ಸ್ ಎನಿಸಿಕೊಂಡ. ಒಬ್ಬನೇ ಮನುಷ್ಯ ಎರಡು ಕಿರೀಟ ಧರಿಸಿದನೇ ಹೊರತು ಎರಡು ರಾಜ್ಯಗಳು ಒಂದು ರಾಜ್ಯವಾಗಲಿಲ್ಲ. ಅವು ಒಂದಾದದ್ದು 1707ರ ಮೇ 1ರಂದು, ಅಂದರೆ ನೂರನಾಲ್ಕು ವರ್ಷಗಳ ಮೇಲೆ, ಜೇಮ್ಸನ ಮರಿಮೊಮ್ಮಗಳು ಆನ್ ರಾಣಿಯ ಕಾಲದಲ್ಲಿ. ಈ ತಪ್ಪು ಮುದ್ರಣದಲ್ಲಿ ನುಸುಳಿದ್ದೆಂದು ನನಗೆ ಅನಿಸುವುದಿಲ್ಲ. ‘ಏಕೀಕರಣ’ ಎಂಬ ಒಂದೇ ಪದವನ್ನು ನಮ್ಮ ಗೈಡುಗಳೂ ಟಿಪ್ಪಣಿಗಳೂ ಎರಡು ಬೇರೆ ಬೇರೆ ಘಟನೆಗಳಿಗೆ ಬಳಸುತ್ತ ಬಂದದ್ದರಿಂದ ಆದದ್ದು. ಕನ್ನಡಿಗರಾದ ನಮಗೆ ಆ ಪದದ ತೂಕ ಎಷ್ಟೆಂದು ಗೊತ್ತಿದೆ. 1956ರ ನವೆಂಬರ್ 1ಕ್ಕೆ ನಾವು ಯಾವ ಮಾತನ್ನು ಮೀಸಲಿಟ್ಟಿದ್ದೇವೆಯೋ ಅದನ್ನು 1603ಕ್ಕೆ ಕೊಡಬಾರದು.

ಜೇಮ್ಸನಿಗೆ ಈ ಸಿಂಹಾಸನ ಸಿಕ್ಕಿದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಅದು ಯುದ್ಧದಿಂದ ಸಿಕ್ಕಿದ್ದಲ್ಲ, ಹೆಣ್ಣು ಕೊಟ್ಟು ತಂದ ಸಂಬಂಧದಿಂದ ಸಿಕ್ಕಿದ್ದು. ಇಂಗ್ಲೆಂಡಿನ ಏಳನೆಯ ಹೆನ್ರಿ 1502ರಲ್ಲಿ ಸ್ಕಾಟ್ಲೆಂಡಿನೊಡನೆ ‘ನಿತ್ಯಶಾಂತಿ’ಯ ಒಪ್ಪಂದ ಮಾಡಿಕೊಂಡು, ಮರುವರ್ಷ ತನ್ನ ಹಿರಿಯ ಮಗಳು ಮಾರ್ಗರೆಟ್‌ಳನ್ನು ಅಲ್ಲಿನ ದೊರೆ ನಾಲ್ಕನೆಯ ಜೇಮ್ಸನಿಗೆ ಧಾರೆಯೆರೆದು ಕೊಟ್ಟ. ಇದರಿಂದ ಮುಂದೆ ಇಂಗ್ಲೆಂಡ್ ಸ್ಕಾಟರ ಕೈಸೇರಬಹುದಲ್ಲವೇ ಎಂದು ಮಂತ್ರಿಗಳು ಶಂಕಿಸಿದಾಗ, ಹಾಗಾದರೂ ಚಿಕ್ಕದೇ ದೊಡ್ಡದರ ಕಡೆಗೆ ಎಳೆಯಲ್ಪಡುತ್ತದೆ ಎಂದು ಹೆನ್ರಿ ಸಮಾಧಾನ ಹೇಳಿದನೆಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ನಿತ್ಯಶಾಂತಿ ಹನ್ನೆರಡು ವರ್ಷವೂ ಬಾಳಲಿಲ್ಲ. 1513ರಲ್ಲಿ ಫ್ಲಾಡನ್ ಕಾಳಗದಲ್ಲಿ ಆ ಅಳಿಯ ದೊರೆ ಮಾವನ ಮನೆಯ ಸೈನ್ಯದ ಎದುರೇ ಮಡಿದ. ಆದರೆ ಮದುವೆಯಿಂದ ಹುಟ್ಟಿದ ಹಕ್ಕು ಉಳಿಯಿತು. ಆರನೆಯ ಜೇಮ್ಸನ ತಾಯಿ ಮೇರಿ ರಾಣಿ ಮಾರ್ಗರೆಟ್‌ಳ ಮೊಮ್ಮಗಳು. ತಂದೆ ಡಾರ್ನ್ಲಿಯೂ ಮಾರ್ಗರೆಟ್‌ಳ ಎರಡನೆಯ ಮದುವೆಯಿಂದ ಬಂದ ಮೊಮ್ಮಗ. ಹೀಗೆ ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಆತನಿಗೆ ಅವಳೇ ಮುತ್ತಜ್ಜಿ. 1503ರ ಮದುವೆಯ ಫಲ ಕೈಗೆ ಬಂದದ್ದು ಸರಿಯಾಗಿ ನೂರು ವರ್ಷದ ಮೇಲೆ.

ಹಕ್ಕು ಇತ್ತೆಂದ ಮಾತ್ರಕ್ಕೆ ದಾರಿ ಸುಗಮವಾಗಿರಲಿಲ್ಲ. ಎಂಟನೆಯ ಹೆನ್ರಿ ತನ್ನ ಉಯಿಲಿನಲ್ಲಿ ಅಕ್ಕ ಮಾರ್ಗರೆಟ್‌ಳ ಸಂತಾನವನ್ನು ಬಿಟ್ಟು ತಂಗಿಯ ಸಂತಾನಕ್ಕೆ ಮುಂದಿನ ಸ್ಥಾನ ಕೊಟ್ಟಿದ್ದ. ಪರದೇಶದಲ್ಲಿ ಹುಟ್ಟಿದವನು ಇಂಗ್ಲೆಂಡಿನ ನೆಲವನ್ನು ಪಿತ್ರಾರ್ಜಿತವಾಗಿ ಪಡೆಯುವಂತಿಲ್ಲ ಎಂಬ ಕಾನೂನು ಬೇರೆ ಇತ್ತು. ನೆಲಕ್ಕೆ ಇರುವ ಈ ತಡೆ ಕಿರೀಟಕ್ಕೂ ಅನ್ವಯಿಸುತ್ತದೆಂದು ವಾದಿಸುವವರಿದ್ದರು. 1587ರಲ್ಲಿ ಎಂಟನೆಯ ಹೆನ್ರಿಯ ಮಗಳು, ಮಕ್ಕಳಿಲ್ಲದ ಎಲಿಜಬೆತ್ ರಾಣಿಯ ಸರ್ಕಾರ ಜೇಮ್ಸನ ಹೆತ್ತ ತಾಯಿಯನ್ನೇ ಫಾದರಿಂಗೆ ಕೋಟೆಯಲ್ಲಿ ಶಿರಚ್ಛೇದ ಮಾಡಿಸಿತು. ಹದಿಮೂರು ತಿಂಗಳ ಕೂಸಾಗಿದ್ದಾಗಲೇ ತಾಯಿಯ ಪದತ್ಯಾಗದಿಂದ ಪಟ್ಟಕ್ಕೇರಿದ್ದ ಜೇಮ್ಸನಿಗೆ ಆಕೆಯ ಮುಖದ ನೆನಪೂ ಇದ್ದಿರಲಾರದು. ಆತ ಪ್ರತಿಭಟಿಸಿದ; ಆದರೆ ಅದರ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನೊಡನೆ ಮಾಡಿಕೊಂಡಿದ್ದ ಬೆರಿಕ್ ಒಪ್ಪಂದವನ್ನು ಮುರಿಯಲಿಲ್ಲ, ರಾಣಿ ಕಳಿಸುವ ವರ್ಷಾಶನವನ್ನೂ ಬೇಡವೆನ್ನಲಿಲ್ಲ. ಮಗನಾಗಿ ಆತ ನಡೆದುಕೊಂಡ ರೀತಿಯನ್ನು ನನ್ನಿಂದ ಒಪ್ಪಲಾಗದು. ಉತ್ತರಾಧಿಕಾರಿಯಾಗಿ ಮಾತ್ರ ಲೆಕ್ಕ ತಪ್ಪಲಿಲ್ಲ. ಎಲಿಜಬೆತ್ ಕೊನೆಯವರೆಗೂ ಬಹಿರಂಗವಾಗಿ ಯಾರ ಹೆಸರನ್ನೂ ಹೇಳಲಿಲ್ಲ. ಅವಳ ಮುಖ್ಯ ಮಂತ್ರಿ ರಾಬರ್ಟ್ ಸೆಸಿಲ್ 1601ರಿಂದ ಗುಟ್ಟಾಗಿ ಜೇಮ್ಸನೊಡನೆ ಪತ್ರ ವ್ಯವಹಾರ ನಡೆಸಿ ಎಲ್ಲವನ್ನೂ ಅಣಿ ಮಾಡಿದ್ದ.

1603ರ ಮಾರ್ಚ್ 24ರ ಬೆಳಗಿನ ಜಾವ ರಿಚ್ಮಂಡ್ ಅರಮನೆಯಲ್ಲಿ ರಾಣಿ ತೀರಿಕೊಂಡಳು. ಅದೇ ದಿನ ಲಂಡನ್ನಿನಲ್ಲಿ ಜೇಮ್ಸನ ಹೆಸರನ್ನು ದೊರೆಯೆಂದು ಸಾರಲಾಯಿತು. ರಾಬರ್ಟ್ ಕೇರಿ ಎಂಬ ಆಸ್ಥಾನಿಕ ಕುದುರೆಯ ಮೇಲೆ ಕುದುರೆ ಬದಲಿಸುತ್ತ, ನಡುವೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು, ಸುಮಾರು ನಾನೂರು ಮೈಲಿಗಳ ದಾರಿಯನ್ನು ಕ್ರಮಿಸಿ 26ರ ರಾತ್ರಿ ಎಡಿನ್‌ಬರೊದ ಹೋಲಿರೂಡ್ ಅರಮನೆ ಮುಟ್ಟಿದಾಗ ದೊರೆ ಮಲಗಿಬಿಟ್ಟಿದ್ದ. ಹಾಸಿಗೆಯ ಬಳಿಗೇ ಹೋಗಿ ಮಂಡಿಯೂರಿ ಸುದ್ದಿ ಮುಟ್ಟಿಸಿದ.

ಇಲ್ಲಿ ನಮ್ಮ ಪರೀಕ್ಷಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. ಆಗಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆದ್ದರಿಂದ ಇಂಗ್ಲೆಂಡಿನವರ ಲೆಕ್ಕದಲ್ಲಿ ಎಲಿಜಬೆತ್ ತೀರಿಕೊಂಡದ್ದು 1602ನೆಯ ವರ್ಷದ ಕಡೆಯ ದಿನ. ಸ್ಕಾಟ್ಲೆಂಡಾದರೋ 1600ರಿಂದಲೇ ಜನವರಿ 1ನ್ನು ವರ್ಷದ ಮೊದಲ ದಿನವೆಂದು ಒಪ್ಪಿಕೊಂಡಿತ್ತು. ನಮ್ಮಲ್ಲಿ ಚಾಂದ್ರಮಾನ ಯುಗಾದಿ ಮಾಡುವವರೂ ಸೌರಮಾನ ಯುಗಾದಿ ಮಾಡುವವರೂ ಇರುವಂತೆ ಒಬ್ಬನೇ ದೊರೆಯ ಎರಡು ರಾಜ್ಯಗಳು ಒಂದೇ ದಿನವನ್ನು ಎರಡು ಬೇರೆ ವರ್ಷಗಳಲ್ಲಿ ಬರೆದುಕೊಳ್ಳುತ್ತಿದ್ದವು, ಮತ್ತು 1752ರಲ್ಲಿ ಇಂಗ್ಲೆಂಡ್ ಪದ್ಧತಿ ಬದಲಿಸುವವರೆಗೂ ಹಾಗೆಯೇ ನಡೆದುಬಂತು. ವರ್ಷ ಎಣಿಸುವುದರಲ್ಲೂ ಕೂಡದ ಎರಡು ರಾಜ್ಯಗಳನ್ನು ಆ ವರ್ಷವೇ ಏಕೀಕರಣಗೊಂಡವೆಂದು ಹೇಳುವುದು ಹೇಗೆ?

ಜೇಮ್ಸ್ ಏಪ್ರಿಲ್ 5ರಂದು ಎಡಿನ್‌ಬರೊ ಬಿಟ್ಟ. ಹೊರಡುವ ಮುನ್ನ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಪ್ರಜೆಗಳ ಮುಂದೆ ನಿಂತು, ಮೂರು ವರ್ಷಕ್ಕೊಮ್ಮೆ ಬರುತ್ತೇನೆಂದು ಮಾತು ಕೊಟ್ಟ. ಬಂದದ್ದು ಒಂದೇ ಸಲ, 1617ರಲ್ಲಿ. ತೆಂಕಣ ದಾರಿಯುದ್ದಕ್ಕೂ ಹಬ್ಬದ ಸ್ವಾಗತವಾಯಿತು. ಮುನ್ನೂರಕ್ಕೂ ಹೆಚ್ಚು ಜನರಿಗೆ ನೈಟ್ ಪದವಿ ಹಂಚಿದ. ಆದರೆ ನ್ಯೂಆರ್ಕ್ ಪಟ್ಟಣದಲ್ಲಿ ನಡೆದ ಘಟನೆಯೊಂದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದೆ. ಗುಂಪಿನಲ್ಲಿ ಜೇಬುಗಳ್ಳನೊಬ್ಬ ಸಿಕ್ಕಿಬಿದ್ದಾಗ ದೊರೆ ವಿಚಾರಣೆಯೇ ಇಲ್ಲದೆ ಅವನನ್ನು ಗಲ್ಲಿಗೆ ಹಾಕಿಸಿದ. ಇಂಗ್ಲೆಂಡಿನ ಕಾನೂನಿನಲ್ಲಿ ದೊರೆಗೆ ಆ ಅಧಿಕಾರವಿರಲಿಲ್ಲ, ನ್ಯಾಯಾಲಯದ ವಿಚಾರಣೆಯಾಗಲೇಬೇಕಿತ್ತು. ಆದೇಶ ನಡೆಯಿತು, ಆದರೆ ಕಂಡವರಲ್ಲಿ ಕಳವಳ ಹುಟ್ಟಿತು. ಸಿಂಹಾಸನ ತನ್ನದಾದರೂ ಆ ನೆಲದ ಕಟ್ಟಳೆ ಬೇರೆಯಿದೆ ಎಂಬುದನ್ನು ಹೊಸ ದೊರೆ ಇನ್ನೂ ಕಲಿಯಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಪಟ್ಟಾಭಿಷೇಕ ಜುಲೈ 25ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಲಂಡನ್ನಿನಲ್ಲಿ ಪ್ಲೇಗು ಹಬ್ಬಿದ್ದರಿಂದ ಸಂಭ್ರಮವಿಲ್ಲದೆ ಮುಗಿಯಿತು. ಆ ಮೇಲೂ ಎರಡು ಕಡೆ ಎರಡು ಪಾರ್ಲಿಮೆಂಟುಗಳು, ಎರಡು ಮಂತ್ರಾಲೋಚನಾ ಸಭೆಗಳು, ಎರಡು ಬಗೆಯ ನ್ಯಾಯಾಲಯಗಳು ಮುಂದುವರಿದವು. ಸ್ಕಾಟ್ಲೆಂಡಿನ ಕಾನೂನಿಗೆ ರೋಮನ್ ಕಾನೂನಿನ ಪ್ರಭಾವ ಹೆಚ್ಚು. ಇಂಗ್ಲೆಂಡಿನದು ನ್ಯಾಯಾಧೀಶರ ತೀರ್ಪುಗಳಿಂದ ಬೆಳೆದುಬಂದ ರೂಢಿಯ ಕಾನೂನು. ಚರ್ಚಿನ ವ್ಯವಸ್ಥೆ ಬೇರೆ, ಸೈನ್ಯ ಬೇರೆ, ತೆರಿಗೆ ಬೇರೆ. ನಾಣ್ಯವೂ ಬೇರೆ: ಹನ್ನೆರಡು ಸ್ಕಾಟಿಷ್ ಪೌಂಡಿಗೆ ಒಂದು ಇಂಗ್ಲಿಷ್ ಪೌಂಡ್ ಎಂದು ವಿನಿಮಯ ದರ ಗೊತ್ತುಮಾಡಬೇಕಾಯಿತು. ತಾನು ಲಂಡನ್ನಿನಲ್ಲಿ ಕುಳಿತು ಲೇಖನಿಯಿಂದಲೇ ಸ್ಕಾಟ್ಲೆಂಡನ್ನು ಆಳುತ್ತಿದ್ದೇನೆಂದು 1607ರಲ್ಲಿ ಜೇಮ್ಸ್ ಇಂಗ್ಲೆಂಡಿನ ಪಾರ್ಲಿಮೆಂಟಿನ ಎದುರು ಹೆಮ್ಮೆಯಿಂದ ಹೇಳಿಕೊಂಡ. ಕಳಿಸಿದ ಆ ಓಲೆಗಳನ್ನು ಜಾರಿಗೊಳಿಸುತ್ತಿದ್ದದ್ದು ಎಡಿನ್‌ಬರೊದ ಸಭೆ.

ಏಕೀಕರಣವನ್ನು ಜೇಮ್ಸ್ ಬಯಸಲಿಲ್ಲವೆಂದಲ್ಲ. ಆತನಷ್ಟು ಹಂಬಲಿಸಿದವರು ಆ ಕಾಲದಲ್ಲಿ ಬೇರೊಬ್ಬರಿರಲಿಲ್ಲ. ತಾನು ಪತಿ, ಇಡೀ ದ್ವೀಪವೇ ತನ್ನ ಧರ್ಮಪತ್ನಿ, ಕ್ರೈಸ್ತ ದೊರೆಯಾದ ತನಗೆ ಇಬ್ಬರು ಹೆಂಡಿರಿರಬೇಕೆಂದು ಯಾರೂ ಬಯಸಲಾರರು ಎಂಬರ್ಥದಲ್ಲಿ 1604ರ ತನ್ನ ಮೊದಲ ಪಾರ್ಲಿಮೆಂಟಿನಲ್ಲಿ ಮಾತಾಡಿದ. ‘ಗ್ರೇಟ್ ಬ್ರಿಟನ್ನಿನ ದೊರೆ’ ಎಂಬ ಬಿರುದನ್ನು ಪಾರ್ಲಿಮೆಂಟ್ ಒಪ್ಪದಿದ್ದಾಗ ಅದೇ ವರ್ಷ ಅಕ್ಟೋಬರಿನಲ್ಲಿ ಬರಿಯ ರಾಜಾಜ್ಞೆಯಿಂದ ಅದನ್ನು ಧರಿಸಿದ. ‘ಯುನೈಟ್’ ಎಂಬ ಹೆಸರಿನ ಚಿನ್ನದ ನಾಣ್ಯ ಟಂಕಿಸಿ, ಅವರನ್ನು ಒಂದೇ ಜನಾಂಗವಾಗಿಸುವೆನೆಂಬ ಬೈಬಲ್ ವಾಕ್ಯವನ್ನು ಅದರ ಮೇಲೆ ಕೆತ್ತಿಸಿದ. 1606ರಲ್ಲಿ ಎರಡೂ ರಾಜ್ಯಗಳ ಶಿಲುಬೆಗಳನ್ನು ಒಂದರ ಮೇಲೊಂದು ಕೂಡಿಸಿ ಹಡಗುಗಳಿಗೆ ಹೊಸ ಬಾವುಟ ಕೊಟ್ಟ. ಪಾರ್ಲಿಮೆಂಟುಗಳನ್ನೂ ಕಾನೂನುಗಳನ್ನೂ ಕೂಡಿಸುವ ಯೋಜನೆ ಮಾತ್ರ 1607ರಲ್ಲಿ ಇಂಗ್ಲೆಂಡಿನ ಸಭೆಯಲ್ಲಿ ಮುರಿದುಬಿತ್ತು. ಗಡಿಯ ಎರಡೂ ಬದಿಯ ಹಳೆಯ ಹಗೆಯ ಶಾಸನಗಳನ್ನು ತೆಗೆದುಹಾಕಿದ್ದಷ್ಟೇ ಲಾಭ. 1603ರಲ್ಲೇ ಏಕೀಕರಣವಾಗಿದ್ದರೆ ದೊರೆಗೆ ಇಷ್ಟೆಲ್ಲ ಬವಣೆ ಬೇಕಿರಲಿಲ್ಲ ಎಂಬುದನ್ನು ಪ್ರಶ್ನೆ ಸಿದ್ಧಪಡಿಸಿದವರು ಯೋಚಿಸಬೇಕಿತ್ತು.

ಪಾರ್ಲಿಮೆಂಟಿನಲ್ಲಿ ಸೋತದ್ದರಲ್ಲಿ ಒಂದು ಪಾಲು ನ್ಯಾಯಾಲಯದಲ್ಲಿ ಗೆದ್ದಿತು. ಜೇಮ್ಸ್ ಇಂಗ್ಲೆಂಡಿನ ದೊರೆಯಾದ ಮೇಲೆ, 1605ರಲ್ಲಿ, ಎಡಿನ್‌ಬರೊದಲ್ಲಿ ಹುಟ್ಟಿದ ಒಂದು ಮಗುವಿಗೆ ಇಂಗ್ಲೆಂಡಿನ ಜಮೀನಿನ ಮೇಲೆ ಹಕ್ಕಿದೆಯೇ ಎಂಬ ವ್ಯಾಜ್ಯ 1608ರಲ್ಲಿ ಇಂಗ್ಲೆಂಡಿನ ಹಿರಿಯ ನ್ಯಾಯಾಧೀಶರೆಲ್ಲರ ಮುಂದೆ ಬಂತು. ‘ಕಾಲ್ವಿನ್ ಪ್ರಕರಣ’ವೆಂದು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಪ್ರಜೆಯ ನಿಷ್ಠೆ ರಾಜ್ಯಕ್ಕಲ್ಲ, ದೊರೆಯ ವ್ಯಕ್ತಿಗೆ ಸಲ್ಲುವಂಥದು. ದೊರೆ ಒಬ್ಬನೇ ಆದ್ದರಿಂದ ಆತ ಪಟ್ಟಕ್ಕೆ ಬಂದ ಮೇಲೆ ಹುಟ್ಟಿದ ಸ್ಕಾಟ್ ಮಗು ಇಂಗ್ಲೆಂಡಿನಲ್ಲಿ ಪರಕೀಯನಲ್ಲ ಎಂದು ತೀರ್ಪಾಯಿತು. ಅದಕ್ಕೆ ಮೊದಲು ಹುಟ್ಟಿದವರು ಪರಕೀಯರಾಗಿಯೇ ಉಳಿದರು. ಒಂದೇ ಮನೆಯಲ್ಲಿ ಅಣ್ಣ ಪರದೇಶಿ, ತಮ್ಮ ಸ್ವದೇಶಿ. ಈ ತೀರ್ಪಿನ ತರ್ಕವೇ ನನ್ನ ವಾದಕ್ಕೆ ದೊಡ್ಡ ಆಧಾರ, ಏಕೆಂದರೆ ನ್ಯಾಯಾಧೀಶರು ಎರಡೂ ರಾಜ್ಯಗಳು ಬೇರೆ ಬೇರೆ ಕಾನೂನುಗಳ ಬೇರೆ ಬೇರೆ ರಾಜ್ಯಗಳೇ ಎಂದು ಒಪ್ಪಿಕೊಂಡ ಮೇಲೆಯೇ ಆ ಮಗುವಿಗೆ ಹಕ್ಕು ಕೊಟ್ಟರು.

ಮುಂದಿನ ನೂರು ವರ್ಷದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕ್ರಾಮ್‌ವೆಲ್ ಎಂಬ ಸೇನಾನಿ, ರಾಜಪ್ರಭುತ್ವ ಬಿದ್ದಿದ್ದ ನಡುಗಾಲದಲ್ಲಿ, ಸೈನ್ಯದ ಬಲದಿಂದ ಮಾಡಿದ ಒಕ್ಕೂಟ 1660ರಲ್ಲಿ ರಾಜಪ್ರಭುತ್ವ ಮರಳಿದೊಡನೆ ಬಿಚ್ಚಿಹೋಯಿತು. ಅದೇ ವರ್ಷದ ಹಡಗು ಸಾಗಣೆಯ ಕಾಯ್ದೆ ಇಂಗ್ಲೆಂಡಿನ ವಸಾಹತುಗಳ ವ್ಯಾಪಾರದಲ್ಲಿ ಸ್ಕಾಟರನ್ನು ಹೊರಗಿನವರೆಂದೇ ಎಣಿಸಿತು. 1689ರಲ್ಲಿ ಆನ್ ರಾಣಿಯ ಅಕ್ಕ ಮೇರಿಗೂ ಅವಳ ಪತಿ ವಿಲಿಯಂಗೂ ಕಿರೀಟ ಕೊಡಬೇಕಾದಾಗ ಎರಡು ರಾಜ್ಯಗಳೂ ಬೇರೆ ಬೇರೆ ನಿರ್ಣಯ ಮಾಡಿ, ಬೇರೆ ಬೇರೆ ಷರತ್ತು ಹಾಕಿ ಕೊಟ್ಟವು. 1695ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟ್ ಆಫ್ರಿಕ ಮತ್ತು ಇಂಡೀಸ್‌ಗಳ ವ್ಯಾಪಾರಕ್ಕೆ ತನ್ನದೇ ಕಂಪನಿಯನ್ನು ಸ್ಥಾಪಿಸಿದಾಗ, ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಅದನ್ನು ಎದುರಾಳಿಯೆಂದು ಕಂಡಿತು, ಲಂಡನ್ನಿನಲ್ಲಿ ಹಣ ಹೂಡಲು ಬಂದವರು ಹಿಂದೆ ಸರಿಯಬೇಕಾಯಿತು. ಆ ಕಂಪನಿ ಪನಾಮಾ ಭೂಕಂಠದ ಡೇರಿಯನ್‌ನಲ್ಲಿ ವಸಾಹತು ಕಟ್ಟಲು ಹೋಗಿ 1700ರ ಹೊತ್ತಿಗೆ ನೆಲ ಕಚ್ಚಿತು, ನಾಡಿನ ಉಳಿತಾಯದ ದೊಡ್ಡ ಪಾಲು ಅದರೊಡನೆ ಮುಳುಗಿತು. ಮಕ್ಕಳಿಲ್ಲದ ಆನ್ ರಾಣಿಯ ನಂತರ ಯಾರು ಎಂಬ ಪ್ರಶ್ನೆ ಎದ್ದಾಗ, ಇಂಗ್ಲೆಂಡ್ ಆರಿಸಿದವನನ್ನೇ ತಾನೂ ಆರಿಸಬೇಕೆಂಬ ಕಟ್ಟಿಲ್ಲವೆಂದು ಸ್ಕಾಟ್ಲೆಂಡ್ 1704ರಲ್ಲಿ ಕಾಯ್ದೆಯನ್ನೇ ಮಾಡಿತು. ಕಿರೀಟದ ಗಂಟು ಬಿಚ್ಚಿಹೋಗುವ ಈ ಭಯವೇ 1707ರ ಏಕೀಕರಣದ ಮಾತುಕತೆಗೆ ಮುಖ್ಯ ಕಾರಣ. ಇಪ್ಪತ್ತೈದು ಕಲಮುಗಳ ಆ ಒಪ್ಪಂದದಿಂದ ಎರಡು ಪಾರ್ಲಿಮೆಂಟುಗಳ ಜಾಗದಲ್ಲಿ ಒಂದೇ ಪಾರ್ಲಿಮೆಂಟ್ ಬಂತು. ಸ್ಕಾಟ್ಲೆಂಡಿಗೆ ಕೆಳಮನೆಯಲ್ಲಿ 45, ಮೇಲ್ಮನೆಯಲ್ಲಿ 16 ಸ್ಥಾನಗಳು ಸಿಕ್ಕವು. ಅದರ ನ್ಯಾಯಾಲಯಗಳೂ ಕಾನೂನೂ ಉಳಿದುಕೊಂಡವು.

ಇದೆಲ್ಲ ಎಲ್ಲಿಯೋ ದೂರದ ದ್ವೀಪದ ಕಥೆ, ದಾವಣಗೆರೆಯ ಮಕ್ಕಳಿಗೆ ಇಷ್ಟು ಸೂಕ್ಷ್ಮ ಏಕೆ ಎಂದು ಕೆಲವರು ಕೇಳಬಹುದು. 1707ರ ನಂತರವೇ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯ ಬಾಗಿಲು ಸ್ಕಾಟರಿಗೆ ಅಗಲವಾಗಿ ತೆರೆಯಿತು. ನಿಜಾಮ ಕಂಪನಿಗೆ ಬಿಟ್ಟುಕೊಟ್ಟ, ಬಳ್ಳಾರಿಯೂ ಸೇರಿದ್ದ ದತ್ತ ಮಂಡಲಗಳಿಗೆ 1800ರಲ್ಲಿ ಪ್ರಧಾನ ಕಲೆಕ್ಟರಾಗಿ ಬಂದು ರೈತವಾರಿ ಪದ್ಧತಿಯನ್ನು ಬೆಳೆಸಿದ ಥಾಮಸ್ ಮನ್ರೋ ಗ್ಲಾಸ್ಗೋ ಪಟ್ಟಣದವರು. ಮೈಸೂರು ಸೀಮೆಯ ಭೂಮಾಪನ ನಡೆಸಿ, ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯ ಚರಿತ್ರೆಯ ದಾಖಲೆಗಳನ್ನು, ಬರೆಯಿಸಿ ಕೂಡಿಟ್ಟ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ವಾಯವ್ಯದ ಲೂಯಿಸ್ ದ್ವೀಪದವರು. ನಮ್ಮ ರೈತನ ಪಹಣಿಯ ಮೂಲವನ್ನೂ ನಮ್ಮ ಪಾಳೆಯಗಾರರ ಕಥೆಯ ಆಕರವನ್ನೂ ಹುಡುಕುತ್ತ ಹೊರಟವರಿಗೆ 1603ಕ್ಕೂ 1707ಕ್ಕೂ ಇರುವ ಈ ವ್ಯತ್ಯಾಸ ಎದುರಾಗುತ್ತದೆ.

ಅದಕ್ಕಿಂತ ಹತ್ತಿರದ ಕಾರಣವೂ ಇದೆ. ನನ್ನ ತಾಯಿಯ ತವರು ಹರಿಹರದ ಹೊಳೆಯಾಚೆ, ರಾಣೆಬೆನ್ನೂರು ಸೀಮೆಯ ಹಳ್ಳಿ. ಅವರು ಮದುವೆಯಾಗಿ ಈಚೆ ಬಂದಾಗ ಈಚೆಯ ದಡ ಮೈಸೂರು ಸಂಸ್ಥಾನ, ಆಚೆಯ ದಡ ಮುಂಬೈ ಪ್ರಾಂತ. ಮೂಡಣಕ್ಕೆ ಹರಪನಹಳ್ಳಿ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಮೂರಕ್ಕೂ ಮೇಲೆ ಸಾರ್ವಭೌಮನೆಂದು ಕುಳಿತವನು ಲಂಡನ್ನಿನ ಒಬ್ಬನೇ ಚಕ್ರವರ್ತಿ. ಆದರೆ ರಾಣೆಬೆನ್ನೂರಿನ ವ್ಯಾಜ್ಯ ಮುಂಬೈ ಹೈಕೋರ್ಟಿಗೆ, ಹರಪನಹಳ್ಳಿಯದು ಮದ್ರಾಸಿಗೆ, ದಾವಣಗೆರೆಯದು ಬೆಂಗಳೂರಿಗೆ ಹೋಗುತ್ತಿತ್ತು. ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ಮೈಸೂರು ಸಂಸ್ಥಾನ 1933ರಲ್ಲೇ ಮಾಡಿತ್ತು, ಹೊಳೆಯಾಚೆಯ ಹೆಂಗಸರಿಗೆ ಅದು ಅನ್ವಯಿಸುತ್ತಿರಲಿಲ್ಲ. ಯುದ್ಧಕಾಲದ ಪಡಿತರದ ದಿನಗಳಲ್ಲಿ ತವರಿನಿಂದ ಜೋಳ ತರಲೂ ಸೇತುವೆಯ ಮೇಲೆ ತಪಾಸಣೆಯಿತ್ತೆಂದು ತಾಯಿ ಹೇಳುತ್ತಿದ್ದರು. ಹೋಲಿಕೆ ಪೂರ್ತಿ ಸರಿಹೊಂದದು, ಪ್ರಾಂತಗಳು ಸ್ವತಂತ್ರ ರಾಜ್ಯಗಳಾಗಿರಲಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಮೇಲೆ ಒಬ್ಬನೇ ದೊರೆ ಇದ್ದಾಗಲೂ ಕೆಳಗಿನ ಜನ ಬೇರೆ ಬೇರೆ ಆಡಳಿತಗಳಲ್ಲಿ ಬದುಕುತ್ತಾರೆ ಎಂಬುದನ್ನು ತಿಳಿಯಲು ನಮ್ಮವರು ಲಂಡನ್ನಿಗೆ ಹೋಗಬೇಕಿಲ್ಲ, ಹರಿಹರದ ಸೇತುವೆಯವರೆಗೆ ಹೋದರೆ ಸಾಕು. 1953ರಲ್ಲಿ ಹರಪನಹಳ್ಳಿಯೂ, 1956ರಲ್ಲಿ ರಾಣೆಬೆನ್ನೂರೂ ನಮ್ಮೊಡನೆ ಒಂದೇ ಶಾಸನಸಭೆಯ ಕೆಳಗೆ ಬಂದದ್ದು ಏಕೀಕರಣ. ಅದಕ್ಕಾಗಿ ದುಡಿದ ಹಿರಿಯರ ನೆನಪಿರುವ ನಮಗೆ ಆ ಪದವನ್ನು ಅಳೆದು ಬಳಸುವ ಹೊಣೆ ಇದೆ.

ನೆರೆರಾಜ್ಯದ ಪಟ್ಟಕ್ಕೆ ಉತ್ತರಾಧಿಕಾರದಿಂದ ಬಂದ ದೊರೆ ನಮ್ಮ ದಕ್ಷಿಣದಲ್ಲೂ ಇದ್ದಾನೆ ಎಂಬುದನ್ನು ಪುರವಣಿಯವರು ಮಕ್ಕಳಿಗೆ ಹೇಳಿದರೆ ಬಹಳ ಉಪಕಾರವಾಗುತ್ತದೆ. ಇಂದಿನ ಆಂಧ್ರದ ಕರಾವಳಿಯ ವೆಂಗಿಯ ಪೂರ್ವ ಚಾಲುಕ್ಯ ದೊರೆ ವಿಮಲಾದಿತ್ಯನಿಗೆ ರಾಜರಾಜ ಚೋಳನ ಮಗಳು ಕುಂದವೈಯನ್ನು ಕೊಡಲಾಗಿತ್ತು. ಅವರ ಮಗ ರಾಜರಾಜ ನರೇಂದ್ರನಿಗೆ ರಾಜೇಂದ್ರ ಚೋಳನ ಮಗಳು ಅಮ್ಮಂಗದೇವಿಯನ್ನು ಕೊಡಲಾಯಿತು. ಆ ದಂಪತಿಯ ಮಗ, ಹುಟ್ಟಿನಿಂದ ಚಾಲುಕ್ಯ, ತಾಯಿಯ ಹಕ್ಕಿನಿಂದ 1070ರಲ್ಲಿ ಚೋಳ ಸಿಂಹಾಸನವೇರಿ ಕುಲೋತ್ತುಂಗ ಚೋಳನಾದ. ಮಾರ್ಗರೆಟ್‌ಳ ಮದುವೆಗೂ ಈ ಮದುವೆಗಳಿಗೂ ಐದುನೂರು ವರ್ಷದ ಅಂತರವಿದ್ದರೂ, ಗಡಿಯ ಜಗಳ ತಣಿಸಲು ಕೊಟ್ಟ ಹೆಣ್ಣಿನ ಸಂತಾನ ಕೊನೆಗೆ ಕೊಟ್ಟವರ ಮನೆಯ ಪಟ್ಟಕ್ಕೇ ಬಂದ ಬಗೆ ಒಂದೇ.

ಈ ಉತ್ತರಾಧಿಕಾರ ನಮ್ಮ ಕಲ್ಯಾಣದ ಚಾಲುಕ್ಯರನ್ನು ನೇರವಾಗಿ ತಟ್ಟಿತು. ತುಂಗಭದ್ರೆಯ ಕುರುವತ್ತಿಯಲ್ಲಿ 1068ರಲ್ಲಿ ಜಲಸಮಾಧಿಯಾದ ಸೋಮೇಶ್ವರನ ಮಗ ಆರನೆಯ ವಿಕ್ರಮಾದಿತ್ಯ ಚೋಳ ವೀರರಾಜೇಂದ್ರನ ಅಳಿಯನಾಗಿದ್ದ. ಮಾವ ತೀರಿದಾಗ ಆತ ಕಂಚಿಗೂ ಗಂಗೈಕೊಂಡ ಚೋಳಪುರಕ್ಕೂ ಹೋಗಿ ಭಾವಮೈದುನ ಅಧಿರಾಜೇಂದ್ರನನ್ನು ಪಟ್ಟದಲ್ಲಿ ಕೂರಿಸಿ ಬಂದನೆಂದೂ, ಅವನು ಸ್ವಲ್ಪ ಕಾಲದಲ್ಲೇ ನಾಡಿನ ಒಳಗಿನ ದಂಗೆಯಲ್ಲಿ ಸತ್ತು ವೆಂಗಿಯ ದೊರೆ (ಇದೇ ಕುಲೋತ್ತುಂಗ) ಪಟ್ಟ ಹಿಡಿದನೆಂದೂ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣ ಬರೆದಿದ್ದಾನೆ. ಕವಿ ಆಶ್ರಯದಾತನ ಪಕ್ಷ ವಹಿಸಿದ್ದಾನೆ ಎಂಬುದನ್ನು ಮರೆಯದೆ ಓದಬೇಕು. ಬಡಗಣ ವೆಂಗಿಯೂ ತೆಂಕಣ ಚೋಳಮಂಡಲವೂ ಒಬ್ಬನ ಕೈಗೆ ಬಂದದ್ದು ಕಲ್ಯಾಣಕ್ಕೆ ದೊಡ್ಡ ಅಪಾಯವಾಗಿ ಕಂಡಿತು, ಮುಂದಿನ ಐವತ್ತು ವರ್ಷಗಳ ಯುದ್ಧಗಳ ಒಂದು ಮೂಲ ಅದೇ ಆಯಿತು. ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಕುಲೋತ್ತುಂಗ ಚೋಳ ನಾಡಿನಲ್ಲೇ ನೆಲೆಸಿ, ವೆಂಗಿಗೆ ತನ್ನ ಮಕ್ಕಳನ್ನು ಒಬ್ಬರಾದ ಮೇಲೊಬ್ಬರಂತೆ ಪ್ರತಿನಿಧಿಗಳಾಗಿ ಕಳಿಸಿದ. ವೆಂಗಿ ಬೇರೆ ರಾಜ್ಯವೆಂಬುದು ಹೋಗಿ ಚೋಳ ಸಾಮ್ರಾಜ್ಯದ ಪ್ರಾಂತವಾಯಿತು. ಜೇಮ್ಸನ ರಾಜ್ಯಗಳಿಗೆ ಹಾಗಾಗಲಿಲ್ಲ. ಇನ್ನು 1714ರಲ್ಲಿ ಜರ್ಮನಿಯ ಹ್ಯಾನೋವರಿನ ಅಧಿಪತಿ ಬ್ರಿಟನ್ನಿನ ದೊರೆಯಾಗಿ ಬಂದದ್ದು ಮೂರನೆಯ ಬಗೆ: ಹ್ಯಾನೋವರಿನಲ್ಲಿ ಹೆಣ್ಣಿಗೆ ಪಟ್ಟವಿಲ್ಲದ್ದರಿಂದ 1837ರಲ್ಲಿ ವಿಕ್ಟೋರಿಯಾ ರಾಣಿಗೆ ಬ್ರಿಟನ್ ಬಂತು, ಹ್ಯಾನೋವರ್ ಅವಳ ಚಿಕ್ಕಪ್ಪನ ಪಾಲಾಯಿತು, ಎರಡೂ ಶಾಶ್ವತವಾಗಿ ಅಗಲಿದವು. ಪಟ್ಟ ಕೂಡಿದ್ದು ಯಾವಾಗ, ರಾಜ್ಯ ಕೂಡಿದ್ದು ಯಾವಾಗ, ಕೂಡಿತೋ ಇಲ್ಲವೋ ಎಂಬುದನ್ನು ಪ್ರತಿಯೊಂದು ಪ್ರಸಂಗದಲ್ಲೂ ಬೇರೆ ಬೇರೆಯಾಗಿಯೇ ಕೇಳಬೇಕಾಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯೇನೆಂದರೆ, ಮುಂದಿನ ಪುರವಣಿಯಲ್ಲಿ ಈ ಉತ್ತರದ ತಿದ್ದುಪಡಿ ಪ್ರಕಟಿಸಬೇಕು. 1603ರ ಘಟನೆಯನ್ನು ‘ಕಿರೀಟಗಳ ಕೂಡಿಕೆ’ ಎಂದೋ, ಇದಕ್ಕಿಂತ ಒಳ್ಳೆಯ ಪದ ತಿಳಿದವರು ಸೂಚಿಸಿದರೆ ಅದರಿಂದಲೋ ಕರೆದು, ‘ಏಕೀಕರಣ’ವನ್ನು 1707ಕ್ಕೆ ಮಾತ್ರ ಬಳಸುವ ಪದ್ಧತಿಯನ್ನು ಪುರವಣಿಯಲ್ಲಿ ರೂಢಿಗೆ ತರಬೇಕು. ಪ್ರಶ್ನೆ ಕೇಳುವುದಾದರೆ ‘ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನಕ್ಕೆ ಬಂದ ವರ್ಷ ಯಾವುದು?’ ಎಂದು ಒಂದು, ‘ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗ್ರೇಟ್ ಬ್ರಿಟನ್ ಎಂಬ ಒಂದೇ ರಾಜ್ಯವಾದ ವರ್ಷ ಯಾವುದು?’ ಎಂದು ಇನ್ನೊಂದು, ಹೀಗೆ ಎರಡು ಕೇಳಲಿ. ಪುರವಣಿಯನ್ನು ಸಿದ್ಧಪಡಿಸುವವರು ಬಯಸಿದರೆ, ಇಂಥ ಪ್ರಶ್ನೆಗಳನ್ನು ಅಚ್ಚಿಗೆ ಹೋಗುವ ಮುನ್ನ ನೋಡಿಕೊಡಲು ನಾನೂ, ನಿವೃತ್ತರಾದ ನನ್ನ ಇಬ್ಬರು ಸಹೋದ್ಯೋಗಿಗಳೂ ಯಾವ ಪ್ರತಿಫಲವನ್ನೂ ಬಯಸದೆ ಸಿದ್ಧರಿದ್ದೇವೆ.

ಆ ಇಬ್ಬರು ಮಕ್ಕಳಿಗೆ ಸದ್ಯಕ್ಕೆ 1707 ಎಂದೇ ಬರೆಯಿರಿ ಎಂದು ಹೇಳಿ ಕಳಿಸಿದ್ದೇನೆ. ತಿದ್ದುಪಡಿ ಅಚ್ಚಾದ ದಿನ ಆ ಪುಟವನ್ನು ವಾಚನಾಲಯದ ಸೂಚನಾ ಫಲಕದಲ್ಲಿ ಹಾಕುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ,
ದಾವಣಗೆರೆ